ಕ್ಲೀನ್ ಮಾಡಿದ ಕೆರೆ ಏರಿಗೆ ಮತ್ತೆ ಮತ್ತೆ ಪ್ಲಾಸ್ಟಿಕ್ ಬಂದು ಬೀಳುತ್ತಿದೆ, ಏನು ಮಾಡೋಣ?

ಕೋಡಿಹಳ್ಳದವ:
ಎಲ್ಲರಿಗೂ ನಮಸ್ಕಾರ. ನಮ್ಮದು ಕೋಲಾರ ತಾಲ್ಲೂಕಿನ ಒಂದು ಹಳ್ಳಿ. ಭಾನುವಾರ ಬೆಳಿಗ್ಗೆ ಊರಿನ ಹುಡುಗರು, ಹೆಣ್ಣುಮಕ್ಕಳು, ಹೈಸ್ಕೂಲಿನ ಮೇಷ್ಟ್ರೊಬ್ಬರು ಸೇರಿಕೊಂಡು ಕೆರೆ ಏರಿ, ಕೋಡಿ, ತೂಬಿನ ಸುತ್ತ ಬಿದ್ದಿರುವ ಪ್ಲಾಸ್ಟಿಕ್ ಆರಿಸುತ್ತೇವೆ. 2018ರಲ್ಲಿ ಜಿಲ್ಲೆಗೆ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ಬರಲು ಶುರುವಾಯಿತಲ್ಲ, ಆಮೇಲೆ ಒಣಗಿ ಬಿರುಕು ಬಿಟ್ಟಿದ್ದ ನಮ್ಮ ಕೆರೆಯಲ್ಲೂ ನೀರು ನಿಂತಿದೆ. ನೀರು ನಿಂತ ಮೇಲೆ ಸಂಜೆ ಹೊತ್ತು ಏರಿ ಮೇಲೆ ಕೂರಲು ಬರುವವರೂ ಜಾಸ್ತಿ ಆದರು.

ಸಿಗುವುದು ಏನು ಅಂದರೆ ಪ್ಲಾಸ್ಟಿಕ್ ಲೋಟ, ನೀರಿನ ಬಾಟಲಿ, ಚಿಪ್ಸ್ ಪ್ಯಾಕೆಟ್, ಗುಟ್ಕಾ ಚೀಟಿ. ಇವುಗಳ ಜೊತೆ ಟೊಮೆಟೊ ತೋಟದ ಮಲ್ಚಿಂಗ್ ಶೀಟಿನ (ಗಿಡದ ಸಾಲಿನ ಮಣ್ಣಿಗೆ ಹೊದಿಸುವ ಪ್ಲಾಸ್ಟಿಕ್ ಹಾಳೆ) ಹರುಕು, ಒಂದು ಕಡೆ ಕಪ್ಪು, ಇನ್ನೊಂದು ಕಡೆ ಬೆಳ್ಳಿ ಬಣ್ಣ. ರಾಜಕಾಲುವೆಯಲ್ಲಿ ಹರಿದು ಬಂದು ಲಂಟಾನ ಪೊದೆಗೆ, ತೂಬಿನ ಬಾಯಿಗೆ ಸುತ್ತಿಕೊಂಡಿರುತ್ತೆ, ಎಳೆದರೆ ಕೈಯಲ್ಲೇ ಪುಡಿಯಾಗುತ್ತೆ.

ಎಲ್ಲವನ್ನೂ ಮೂಟೆ ಕಟ್ಟಿ ಏರಿ ಕೆಳಗೆ ಇಡುತ್ತೇವೆ. ಪಂಚಾಯಿತಿ ಗಾಡಿ ಒಮ್ಮೆ ಬರುತ್ತೆ, ಒಮ್ಮೆ ಬರುವುದಿಲ್ಲ. ಅಷ್ಟರಲ್ಲಿ ನಾಯಿಗಳು ಹರಿದು ಚೆಲ್ಲುತ್ತವೆ, ಇಲ್ಲ ಯಾರೋ ಬೆಂಕಿ ಹಚ್ಚುತ್ತಾರೆ. ಹುಡುಗರಿಗೆ ಬೇಜಾರು ಬಂದುಬಿಟ್ಟಿದೆ. ಬೋರ್ಡ್ ಹಾಕಿಸೋಣವಾ, ಕ್ಯಾಮೆರಾ ಹಾಕಿಸೋಣವಾ, ದಂಡ ಹಾಕಿಸೋಣವಾ? ಮಾಡಿದ ಕೆಲಸ ನಿಲ್ಲಬೇಕು ಅಂದರೆ ಏನು ದಾರಿ, ಹೇಳಿ.

ಸ್ವಚ್ಛವಾಹಿನಿ ಅಕ್ಕ:
ನಾನು ಚಿಂತಾಮಣಿ ಕಡೆಯವಳು. ನಮ್ಮ ಸ್ತ್ರೀಶಕ್ತಿ ಸಂಘದವರೇ ಪಂಚಾಯಿತಿ ಕಸದ ಗಾಡಿ ಓಡಿಸುತ್ತೇವೆ, ಸ್ವಚ್ಛ ಸಂಕೀರ್ಣದಲ್ಲಿ ಕಸ ಬೇರ್ಪಡಿಸುವವರೂ ನಾವೇ. ನೀವು ಕಟ್ಟುವ ಮೂಟೆ ಗಾಡಿಯವರಿಗೆ ಯಾಕೆ ಬೇಡವಾಗುತ್ತೆ ಅಂತ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಮಣ್ಣು, ಊಟದ ಎಲೆ, ಒಡೆದ ಗಾಜು, ಬಾಟಲಿ, ಗುಟ್ಕಾ ಚೀಟಿ ಎಲ್ಲ ಒಂದೇ ಚೀಲದಲ್ಲಿ ಇದ್ದರೆ ನಾವು ಅದನ್ನು ನೆಲಕ್ಕೆ ಸುರಿದು ಬರಿಗೈಯಲ್ಲಿ ಕೆದಕಬೇಕು. ಗಾಜು ಕುಯ್ದು ನಮ್ಮಲ್ಲಿ ಒಬ್ಬರ ಕೈಗೆ ಹೊಲಿಗೆ ಬಿದ್ದಿದೆ.

ಆರಿಸುವಾಗಲೇ ಬೇರೆ ಮಾಡಿ. ನೀರಿನ ಬಾಟಲಿ ಒಂದು ಚೀಲ, ಅದನ್ನು ಗುಜರಿಯವರು ಕೇಳಿ ಪಡೆಯುತ್ತಾರೆ. ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿದರೆ ಅದಕ್ಕೂ ಬೆಲೆ ಇದೆ. ಗಾಜು ಬೇರೆ, ಗೋಣಿಚೀಲದಲ್ಲಿ. ಚಿಪ್ಸ್ ಪ್ಯಾಕೆಟ್, ಬಿಸ್ಕತ್ ಪ್ಯಾಕೆಟ್ ಮಾತ್ರ ಕಷ್ಟ. ಒಳಗಡೆ ಬೆಳ್ಳಿ ಪದರ ಅಂಟಿಸಿರುವುದರಿಂದ ಕರಗಿಸಿ ಮತ್ತೆ ಬಳಸಲು ಆಗುವುದಿಲ್ಲ, ಯಾರೂ ಕೊಳ್ಳುವುದಿಲ್ಲ. ಒಣಗಿಸಿ ಕೂಡಿಟ್ಟರೆ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಕಳಿಸುವ ವ್ಯವಸ್ಥೆ ಕೆಲವು ಕಡೆ ಇದೆ. ಅದು ಆಗುವಷ್ಟು ಲೋಡ್ ಒಂದು ಊರಿನಲ್ಲಿ ಸೇರುವುದಿಲ್ಲ, ನಾಲ್ಕೈದು ಪಂಚಾಯಿತಿ ಸೇರಬೇಕು.

ಇನ್ನೊಂದು ಮಾತು. ಮೂಟೆ ಕಟ್ಟಿದ ಮೇಲೆ ಫೋನ್ ಮಾಡಬೇಡಿ, ಹಿಂದಿನ ದಿನವೇ ಗಾಡಿಯವರನ್ನು ಕೇಳಿ ದಿನ ಗೊತ್ತು ಮಾಡಿಕೊಳ್ಳಿ. ಭಾನುವಾರ ನಮಗೂ ರಜೆ ಅಲ್ವಾ?

ವೇಮಗಲ್ ರೈತ:
ಮಲ್ಚಿಂಗ್ ಶೀಟಿನ ಮಾತು ತೆಗೆದಿದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಪ್ಲಾಸ್ಟಿಕ್ ಅಂದರೆ ಎಲ್ಲರೂ ಕ್ಯಾರಿ ಬ್ಯಾಗ್ ಬಗ್ಗೆಯೇ ಮಾತಾಡುತ್ತಾರೆ, ಹೊಲದ ಪ್ಲಾಸ್ಟಿಕ್ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಟೊಮೆಟೊ, ಕ್ಯಾಪ್ಸಿಕಂ, ಕಲ್ಲಂಗಡಿ ಎಲ್ಲದಕ್ಕೂ ಶೀಟ್ ಬೇಕು. ಕಳೆ ಬರುವುದಿಲ್ಲ, ನೀರು ಉಳಿಯುತ್ತೆ, ಬೋರ್‌ವೆಲ್ ನಂಬಿಕೊಂಡ ನಮಗೆ ಅದು ಬೇಕೇ ಬೇಕು. ರೈತರನ್ನು ಬೈದರೆ ಪ್ರಯೋಜನ ಇಲ್ಲ.

ತೊಂದರೆ ಇರುವುದು ಬೆಳೆ ಮುಗಿದ ಮೇಲೆ. ಸಾಮಾನ್ಯವಾಗಿ ಹಾಕುವುದು 25, 30 ಮೈಕ್ರಾನ್ ಶೀಟ್, ಇನ್ನೂ ತೆಳು ಹಾಕುವವರೂ ಇದ್ದಾರೆ. ಬಿಸಿಲಿಗೆ ಒಂದು ಬೆಳೆ ಮುಗಿಯುವ ಹೊತ್ತಿಗೆ ಪೊರೆಪೊರೆ ಆಗಿಬಿಡುತ್ತೆ. ಕೂಲಿ ಕೊಟ್ಟು ಕೀಳಿಸುವ ಬದಲು ಟ್ರ್ಯಾಕ್ಟರ್ ಹೊಡೆದುಬಿಡುತ್ತಾರೆ, ಇಲ್ಲ ಬದುವಿನ ಮೇಲೆ ಗುಡ್ಡೆ ಹಾಕುತ್ತಾರೆ. ಮಳೆ ಬಂದರೆ ಕಾಲುವೆಗೆ, ಕಾಲುವೆಯಿಂದ ನಿಮ್ಮ ತೂಬಿಗೆ. ಗುಜರಿಯವರು ಡ್ರಿಪ್ ಪೈಪ್ ತಕ್ಷಣ ತೂಗಿಸಿಕೊಳ್ಳುತ್ತಾರೆ, ಶೀಟ್ ತೆಗೆದುಕೊಂಡು ಹೋದರೆ ಬೇಡ ಅನ್ನುತ್ತಾರೆ. ಅದರ ತೂಕದಲ್ಲಿ ಮಣ್ಣೇ ಜಾಸ್ತಿ ಅಂತ ಅವರ ದೂರು, ಅದು ನಿಜವೇ.

ನಾವು ಈಗ ಹೀಗೆ ಮಾಡುತ್ತೇವೆ. ಕೊನೆ ಕೊಯ್ಲು ಆದ ಮೇಲೆ ನೀರು ನಿಲ್ಲಿಸಿ ಮಣ್ಣು ಆರಲು ಬಿಡುತ್ತೇವೆ. ಗಿಡ ಕಿತ್ತು, ಡ್ರಿಪ್ ಪೈಪ್ ಸುತ್ತಿಟ್ಟು, ಸಾಲಿನ ಎರಡೂ ಅಂಚಿನ ಮಣ್ಣು ಸಡಿಲ ಮಾಡಿ, ಇಬ್ಬರು ಎರಡು ಕಡೆಯಿಂದ ನಿಧಾನವಾಗಿ ಎತ್ತಿದರೆ ಮುಕ್ಕಾಲು ಪಾಲು ಹರಿಯದೆ ಬರುತ್ತೆ. ಕೊಡವಿ, ಬಿಸಿಲಿಗೆ ಹರಡಿ, ಸುರುಳಿ ಸುತ್ತಿ ಪಂಪ್‌ಸೆಟ್ ಮನೆಯಲ್ಲಿ ಇಡುತ್ತೇವೆ. ಐದಾರು ತೋಟದ್ದು ಸೇರಿದರೆ ತೆಗೆದುಕೊಳ್ಳುವವರು ಸಿಗುತ್ತಾರೆ, ರೇಟ್ ಕಡಿಮೆಯೇ. ಕೆರೆಗೆ ನೀರು ಹರಿದು ಬರುವ ಮೇಲ್ಗಡೆ ತೋಟದವರ ಹತ್ತಿರ ಹೋಗಿ ಕೂತು ಮಾತಾಡಿ. ಅಲ್ಲಿ ತಡೆದರೆ ತೂಬಿನ ಹತ್ತಿರ ಆರಿಸುವ ಕೆಲಸ ತಾನಾಗಿಯೇ ಕಮ್ಮಿ ಆಗುತ್ತೆ.

ಮುಳಬಾಗಿಲು_ಎಂ:
ಸುಮ್ನೆ ಯಾಕೆ ಇಷ್ಟು ಕಷ್ಟ? ಒಂದು ಗುಂಡಿ ತೋಡಿ ಸುಟ್ಟುಬಿಡಿ. ನಮ್ಮೂರಲ್ಲಿ ಹಾಗೇ ಮಾಡುತ್ತೇವೆ.

ಗೋಪಾಲಕ:
ದಯವಿಟ್ಟು ಸುಡಬೇಡಿ. ಕಸದಲ್ಲಿ ಪಿವಿಸಿ ತುಂಡು ಸೇರಿದ್ದರೆ ಡಯಾಕ್ಸಿನ್ ಅನ್ನುವ ವಿಷ ಏಳುತ್ತೆ, ಮೇವಿನ ಮೇಲೆ ಕೂತು ಹಾಲಿಗೂ ಸೇರಬಹುದು. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ.

ನಾನು ಹಸು ಕಟ್ಟಿರುವವನು. ನನಗೆ ಲೋಟಕ್ಕಿಂತ ಹೆಚ್ಚು ಭಯ ಅನ್ನ ಸಾರು ಹಾಕಿ ಗಂಟು ಕಟ್ಟಿ ಎಸೆಯುವ ಕವರ್. ಹಸು ಗಂಟು ಬಿಚ್ಚಿ ತಿನ್ನುವುದಿಲ್ಲ, ಕವರ್ ಸಮೇತ ನುಂಗುತ್ತೆ. ಮೊದಲ ಹೊಟ್ಟೆಯಲ್ಲಿ ಅದು ಹಾಗೇ ಉಳಿದು ಹಗ್ಗ, ದಾರ ಎಲ್ಲ ಸೇರಿ ಉಂಡೆ ಕಟ್ಟುತ್ತೆ. ಮೇವು ಬಿಡುತ್ತೆ, ಹೊಟ್ಟೆ ಉಬ್ಬುತ್ತೆ, ಹಾಲು ಇಳಿಯುತ್ತೆ. ಪಕ್ಕದ ಮನೆಯ ಸೀಮೆಹಸುವಿಗೆ ಆಪರೇಷನ್ ಮಾಡಿದಾಗ ನಾನೂ ಹಿಡಿದುಕೊಂಡು ನಿಂತಿದ್ದೆ. ಡಾಕ್ಟರ್ ಮೊಣಕೈವರೆಗೆ ಕೈ ಹಾಕಿ ಎಳೆದೆಳೆದು ತೆಗೆದ ಕವರ್‌ಗಳಲ್ಲಿ ಅಂಗಡಿ ಹೆಸರು ಇನ್ನೂ ಓದಲು ಬರುತ್ತಿತ್ತು. ಈ ವಿಷಯವನ್ನು ಡೇರಿ ಹತ್ತಿರ ಹಾಲು ಹಾಕಲು ಬರುವ ಹೊತ್ತಿನಲ್ಲಿ ಹೇಳಿ, ಜನ ನಿಂತು ಕೇಳುತ್ತಾರೆ.

ಬಂಗಾರಪೇಟೆ ಟೀಚರ್:
ಬೋರ್ಡ್, ಕ್ಯಾಮೆರಾಗೆ ದುಡ್ಡು ಹಾಕಬೇಡಿ. ಅದೇ ದುಡ್ಡಿಗೆ ಸ್ಟೀಲ್ ತಟ್ಟೆ, ಲೋಟ ತಂದು ಊರ ದೇವಸ್ಥಾನದಲ್ಲಿ ಇಡಿ. ನಾಮಕರಣ, ತಿಥಿ, ಅನ್ನಸಂತರ್ಪಣೆ ಯಾರೇ ಮಾಡಲಿ, ಕೊಂಡುಹೋಗಿ ತೊಳೆದು ವಾಪಸ್ ಇಡಬೇಕು. ನಮ್ಮ ಬೀದಿಯಲ್ಲಿ ಇದು ಚೆನ್ನಾಗಿ ನಡೆಯುತ್ತಿದೆ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಕ್ಕೆ ಕರ್ನಾಟಕದಲ್ಲಿ 2016ರಿಂದ, ಇಡೀ ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧ ಇದೆ. ಆದರೂ ಅಂಗಡಿಯಲ್ಲಿ ಸಿಗುತ್ತೆ, ಯಾಕೆಂದರೆ ನಾವು ಕೇಳುತ್ತೇವೆ. ಮನೆಯವರ ಕೈಗೆ ತಟ್ಟೆ ಸಿಕ್ಕರೆ ಕೇಳುವುದು ನಿಲ್ಲುತ್ತೆ.

ಕೋಡಿಹಳ್ಳದವ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗಾಜಿನ ವಿಷಯ ಓದಿ ಮನಸ್ಸಿಗೆ ನೋವಾಯಿತು ಅಕ್ಕ, ಇನ್ನು ಮುಂದೆ ಬೇರೆ ಬೇರೆ ಚೀಲದಲ್ಲೇ ಕಟ್ಟುತ್ತೇವೆ. ಆರಿಸುವ ದಿನವನ್ನೂ ಗಾಡಿ ಬರುವ ದಿನಕ್ಕೆ ಬದಲಾಯಿಸುತ್ತೇವೆ. ತಟ್ಟೆ ವಿಷಯ ದೇವಸ್ಥಾನದ ಯಜಮಾನರ ಕಿವಿಗೆ ಹಾಕಿದ್ದೇನೆ, ಆಗಲಿ ಅಂದಿದ್ದಾರೆ. ಉಳಿದದ್ದು ಮಲ್ಚಿಂಗ್ ಶೀಟ್. ಕಾಲುವೆ ಪಕ್ಕದ ತೋಟದವರಲ್ಲಿ ಒಬ್ಬರು, ತೋರಿಸಿಕೊಟ್ಟರೆ ಕೀಳಿಸುತ್ತೇನೆ ಅಂದರು. ವೇಮಗಲ್ ಅಣ್ಣ, ಒಂದು ಬೆಳಿಗ್ಗೆ ಬರಲು ಆಗುತ್ತಾ?

ವೇಮಗಲ್ ರೈತ:
ಬರುತ್ತೇನೆ. ಅವರಿಗೆ ಈಗಲೇ ಡ್ರಿಪ್ ನಿಲ್ಲಿಸಲು ಹೇಳಿ, ಒದ್ದೆ ಮಣ್ಣಿನಲ್ಲಿ ಶೀಟ್ ಎದ್ದು ಬರುವುದಿಲ್ಲ. ಸುತ್ತಿಕೊಳ್ಳಲು ಎರಡು ಉದ್ದ ಬಿದಿರು ಗಳ ಇಟ್ಟಿರಿ.