ಹೆರಿಗೆ ಆದಮೇಲೆ ತಂಗಿ ತುಂಬಾ ಕುಗ್ಗಿದ್ದಾಳೆ, ಅನುಭವ ಇದ್ದವರು ಹೇಳಿ

ತಂಗಿಗೆ ಹೆರಿಗೆಯಾಗಿ ಎರಡು ತಿಂಗಳು. ಮಗು ಮಲಗಿದರೂ ಇವಳಿಗೆ ನಿದ್ದೆ ಹತ್ತುವುದಿಲ್ಲ. "ನಾನು ಒಳ್ಳೆ ಅಮ್ಮ ಅಲ್ಲ ಅಕ್ಕಾ" ಅಂತ ಅಳುತ್ತಾಳೆ. ಎಲ್ಲರಿಗೂ ಆಗುತ್ತೆ, ತಾನೇ ಸರಿಹೋಗುತ್ತೆ ಅನ್ನುತ್ತಾರೆ ಮನೆಯವರು. ಕಾಯಬೇಕಾ?

—

ಕಾಯಬೇಡಿ. ಹೆರಿಗೆಯಾದ ಎರಡು ಮೂರು ದಿನಕ್ಕೆ ಶುರುವಾಗುವ ಅಳು ಬಹಳಷ್ಟು ತಾಯಂದಿರಿಗೆ ಬರುತ್ತದೆ, ಎರಡು ವಾರದೊಳಗೆ ಇಳಿಯುತ್ತದೆ. ಅದಕ್ಕೂ ಮೀರಿ ಉಳಿದರೆ ಖಿನ್ನತೆ ಇರಬಹುದು.

ನನ್ನನ್ನು ಅಳುವಿಗಿಂತ ಜಾಸ್ತಿ ಕಾಡಿದ್ದು ಭಯ. ಮಗುವನ್ನು ಎತ್ತಿಕೊಂಡು ಮೆಟ್ಟಿಲ ಹತ್ತಿರ ಹೋದರೆ ಸಾಕು, ಅದು ಕೈಜಾರಿ ಬಿದ್ದ ಹಾಗೆ ಕಣ್ಣಿಗೆ ಕಟ್ಟುತ್ತಿತ್ತು. ಮಗುವನ್ನು ಎದೆಗೆ ಒತ್ತಿಕೊಂಡು, ಕೂತುಕೊಂಡೇ ಒಂದೊಂದು ಮೆಟ್ಟಿಲು ಇಳಿಯುತ್ತಿದ್ದೆ. ಇದನ್ನು ಹೇಳಿದರೆ ಮಗುವನ್ನು ನನ್ನಿಂದ ದೂರ ಇಡುತ್ತಾರೇನೋ ಅನ್ನುವ ಹೆದರಿಕೆ ಬೇರೆ.

ಡಾಕ್ಟರ್ ಒಂದು ಹಾಳೆ ಕೊಟ್ಟರು. ಎಡಿನ್‌ಬರೋ ಸ್ಕೇಲ್ ಅಂತ, ಹೆರಿಗೆ ನಂತರದ ಖಿನ್ನತೆ ಇರಬಹುದೇ ಅಂತ ನೋಡಲು 1987ರಲ್ಲಿ ಬಂದದ್ದು. ಕಳೆದ 7 ದಿನ ಹೇಗಿದ್ದಿರಿ ಅಂತ 10 ಪ್ರಶ್ನೆ. ಬಾಯಿಬಿಟ್ಟು ಹೇಳಲಾಗದ್ದಕ್ಕೆ ಗುರುತು ಹಾಕಿ ಕೊಟ್ಟೆ. ಅದನ್ನು ನೋಡಿ ಅವರೇ ನಿಧಾನವಾಗಿ ಕೇಳಿದರು. ಇಂಥ ಬೇಡದ ಯೋಚನೆಗಳು ಎಷ್ಟೋ ತಾಯಂದಿರಿಗೆ ಬರುತ್ತವಂತೆ. ಅವು ಬಂದವೆಂದು ಇಷ್ಟು ಹೆದರುವವಳಿಗೆ ಮಗುವಿಗೆ ನೋವು ಮಾಡುವ ಮನಸ್ಸಿಲ್ಲ ಅಂತ ಬಿಡಿಸಿ ಹೇಳಿದರು. ಆಮೇಲೆ ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ. ಹೆರಿಗೆ ನಂತರ ಥೈರಾಯ್ಡ್ ಏರುಪೇರಾದರೂ ಸುಸ್ತು, ಬೇಸರ ಎಲ್ಲ ಬರುತ್ತದೆ, ತಂಗಿಗೂ ಮಾಡಿಸಿ. ನನಗೆ ಆಪ್ತಸಮಾಲೋಚನೆ ಜೊತೆ ಮಾತ್ರೆಯೂ ಬೇಕಾಯಿತು. ಹಾಲು ಕುಡಿಸುತ್ತಲೇ ತಗೊಂಡೆ. ಸರ್ಟ್ರಲೀನ್‌ನಂಥ ಖಿನ್ನತೆಯ ಮಾತ್ರೆ ಎದೆಹಾಲಿಗೆ ಸೇರುವುದು ತೀರಾ ಕಡಿಮೆ. ಯಾವುದು, ಎಷ್ಟು ಅನ್ನುವುದನ್ನು ಮಾತ್ರ ಡಾಕ್ಟರೇ ಹೇಳಬೇಕು. ಶುರು ಮಾಡಿದ್ದನ್ನು ನಾವಾಗಿಯೇ ನಿಲ್ಲಿಸಲೂಬಾರದು.

—

ಗಂಡನಾಗಿ ನಾನು ಕಂಡದ್ದು: "ಧೈರ್ಯ ತಗೋ" ಅನ್ನುವುದರಿಂದ ಏನೂ ಆಗುವುದಿಲ್ಲ. ರಾತ್ರಿಯ ಒಂದು ಪಾಳಿ ನಾನು ತಗೊಂಡೆ. ಅವಳು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಾಲ್ಕೈದು ಗಂಟೆ ಒಂದೇ ಸಮನೆ ಮಲಗುವಂತಾಯಿತು. ಬೆಳಿಗ್ಗೆ ಮುಖವೇ ಬೇರೆ ಇರುತ್ತಿತ್ತು. ನಿದ್ದೆಯೊಂದರಿಂದಲೇ ವಾಸಿಯಾಯಿತು ಅನ್ನುತ್ತಿಲ್ಲ, ಚಿಕಿತ್ಸೆ ಬೇಕೇ ಬೇಕು. ಅಂದಹಾಗೆ, ಅಪ್ಪಂದಿರಿಗೂ ಖಿನ್ನತೆ ಬರುತ್ತದೆ. ತಂಗಿಯ ಗಂಡನನ್ನೂ ಒಮ್ಮೆ ಕೂರಿಸಿ ಮಾತಾಡಿಸಿ.

—

ನನಗೆ ಬಸುರಿಯಾಗಿದ್ದಾಗಲೇ ಶುರುವಾಗಿತ್ತು. ಎಲ್ಲರೂ ಹೊಟ್ಟೆಯಲ್ಲಿರುವ ಮಗುವಿನ ಬಗ್ಗೆ ಕೇಳುತ್ತಿದ್ದರು, ನನ್ನ ಮನಸ್ಸಿನ ಬಗ್ಗೆ ಯಾರೂ ಕೇಳಲಿಲ್ಲ. ನೀವು ಕೇಳುತ್ತಿದ್ದೀರಿ, ಅದೇ ದೊಡ್ಡದು.

ಒಂದು ಮಾತ್ರ ಗಮನದಲ್ಲಿರಲಿ. ಇಲ್ಲದ ದನಿ ಕೇಳಿಸುವುದು, ನಿದ್ದೆಯೇ ಇಲ್ಲದಿದ್ದರೂ ವಿಪರೀತ ಹುರುಪು, ಯಾರೋ ಮಗುವಿಗೆ ಕೇಡು ಮಾಡುತ್ತಾರೆ ಅನ್ನುವ ಗಟ್ಟಿ ನಂಬಿಕೆ, ಸಾಯುವ ಮಾತು: ಇದರಲ್ಲಿ ಯಾವುದು ಕಂಡರೂ ಅಪಾಯಿಂಟ್‌ಮೆಂಟ್ ಕಾಯದೆ ಆವತ್ತೇ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ಅವಳನ್ನೂ ಮಗುವನ್ನೂ ಒಂಟಿಯಾಗಿ ಬಿಡಬೇಡಿ. ಅಂಥದ್ದೇನೂ ಇಲ್ಲದಿದ್ದರೂ ಈ ವಾರವೇ ತೋರಿಸಿ. ನೀವೂ ಜೊತೆಗೆ ಹೋಗಿ. ಮಗುವನ್ನು ನೀವು ಎತ್ತಿಕೊಂಡು ಹೊರಗಿರಿ, ಅವಳು ಒಳಗೆ ಸಮಾಧಾನವಾಗಿ ಮಾತಾಡಲಿ.