‘ಮೂಲಕಥೆ’ ಅಂದರೆ ಯಾವ ಕಥೆ? ಸೂಪರ್‌ಹೀರೋ ಸಿನಿಮಾಗೆ ಒಂದು ಪದ ಬೇಕು

ಗೆಳೆಯರೇ,

ಇಂಗ್ಲಿಷಿನಲ್ಲಿ ‘ಒರಿಜಿನ್ ಸ್ಟೋರಿ’ ಅನ್ನುತ್ತಾರಲ್ಲ, ನಾಯಕ ಆ ನಾಯಕನಾದದ್ದು ಹೇಗೆ ಅಂತ ಹೇಳುವ ಕಥೆ, ಅದಕ್ಕೆ ಕನ್ನಡದಲ್ಲಿ ಏನು ಹೇಳೋಣ? ಎರಡು ವಾರದಿಂದ ತಲೆಯಲ್ಲಿ ಇದೇ ಕೂತಿದೆ.

ಅಕ್ಕನ ಮಗ ಒಂಬತ್ತನೇ ಕ್ಲಾಸು. ಶಾಲೆಯ ಗೋಡೆಪತ್ರಿಕೆಗೆ ‘ಬ್ಯಾಟ್‌ಮ್ಯಾನ್: ಇಯರ್ ಒನ್’ ಬಗ್ಗೆ ಬರೆಯಲು ಕೂತಿದ್ದ. 2011ರ ಆನಿಮೇಷನ್ ಸಿನಿಮಾ ಅದು. 1987ರಲ್ಲಿ ಬಂದ ಕಾಮಿಕ್ಸ್‌ನಿಂದ ಮಾಡಿದ್ದು. ಕಥೆ ಫ್ರಾಂಕ್ ಮಿಲ್ಲರ್ ಅವರದು, ಚಿತ್ರ ಡೇವಿಡ್ ಮಝುಕೆಲ್ಲಿ ಅವರದು. ಹುಡುಗನ ಮೊದಲ ಸಾಲು ಹೀಗಿತ್ತು: ‘ಇದು ಬ್ಯಾಟ್‌ಮ್ಯಾನ್‌ನ ಮೂಲಕಥೆಯ ಚಿತ್ರಕಥೆಯನ್ನು ಆಧರಿಸಿದ ಚಿತ್ರ.’

ವ್ಯಾಕರಣ ಸರಿ ಇದೆ. ಆದರೆ ಮೂರು ಸಲ ಓದಿದರೂ ನನಗೆ ತಿಳಿಯಲಿಲ್ಲ. ಚಿತ್ರಕಥೆ ಅಂದರೆ ಕಾಮಿಕ್ಸೂ ಹೌದು, ಸಿನಿಮಾದವರ ‘ಕಥೆ, ಚಿತ್ರಕಥೆ, ಸಂಭಾಷಣೆ’ಯೂ ಹೌದು. ಅದನ್ನು ಬಿಡಿ, ಕಾಮಿಕ್ಸ್ ಅಂತಲೇ ಬರೆದರೆ ಮುಗೀತು. ತೊಡಕು ಇರೋದು ‘ಮೂಲಕಥೆ’ಯಲ್ಲಿ. ಅನುವಾದದ ನಾಟಕಕ್ಕೆ ‘ಮೂಲ: ಇಂಥವರು’ ಅಂತ ಹಾಕುತ್ತೇವೆ. ಆ ಲೆಕ್ಕದಲ್ಲಿ ಈ ಸಿನಿಮಾದ ಮೂಲಕಥೆ ಆ ಕಾಮಿಕ್ಸ್. ಹುಡುಗ ಹೇಳಹೊರಟಿದ್ದು ಬ್ಯಾಟ್‌ಮ್ಯಾನ್ ಎಲ್ಲಿಂದ ಬಂದ ಅನ್ನೋದನ್ನ. ಒಂದೇ ಪದ ಎರಡು ಕಡೆ ಎಳೆಯುತ್ತಿದೆ, ಅಲ್ವಾ?

ಹಾಗಂತ ‘ಮೂಲ’ವನ್ನು ಸುಮ್ನೆ ತಳ್ಳಿಹಾಕೋಕೂ ಆಗಲ್ಲ. ನದೀಮೂಲ, ಋಷಿಮೂಲ ಹುಡುಕಬಾರದು ಅನ್ನುವಾಗ ಅದು ಇದೇ ಅರ್ಥದ ಪದ.

ನಾನು ‘ಹುಟ್ಟಿನ ಕಥೆ’ ಅಂತ ತಿದ್ದಿಕೊಟ್ಟೆ. ಸಂಜೆ ಮಳೆ ಹಿಡಿದಿತ್ತು, ಮನೆಯವರೆಲ್ಲ ಕೂತು ಸಿನಿಮಾ ನೋಡಿದೆವು. ಅಮ್ಮ ಮಡಿಲಲ್ಲಿ ಮೊರ ಇಟ್ಟುಕೊಂಡು ಹಲಸಿನ ಬೀಜದ ಸಿಪ್ಪೆ ಬಿಡಿಸುತ್ತಾ ನೋಡುತ್ತಿದ್ದರು. ಬ್ಯಾಟ್‌ಮ್ಯಾನ್‌ನ ನಿಜವಾದ ಹೆಸರು ಬ್ರೂಸ್ ವೇನ್. ಅವನು ದೊಡ್ಡವನಾಗಿ ಊರಿಗೆ ಬಂದಾಯಿತು, ಮೊದಲ ಸಲ ಬೀದಿಗಿಳಿದಾಗಲೇ ಪೆಟ್ಟು ತಿಂದಾಯಿತು. ಅಮ್ಮ ಕೇಳಿದರು, ‘ಅಲ್ಲಾ, ಇವ ಹುಟ್ಟೋದು ಯಾವಾಗ?’ ಅಷ್ಟರಲ್ಲಿ ಅವನು ರಕ್ತ ಸುರಿಸಿಕೊಂಡು ಮನೆಯ ಕತ್ತಲಲ್ಲಿ ಕುರ್ಚಿಗೆ ಒರಗಿ ಕೂತಿದ್ದ. ಕಿಟಕಿಯ ಗಾಜು ಒಡೆದುಕೊಂಡು ಬಾವಲಿ ಒಳಗೆ ಬಂತು. ಹುಡುಗ ಹೇಳಿದ, ‘ಹುಟ್ಟೋದಲ್ಲ ಅಜ್ಜಿ, ಬ್ಯಾಟ್‌ಮ್ಯಾನ್ ಆಗೋದು. ಈಗ ಆದ ನೋಡು.’

ನನಗೆ ಬೇಕಿದ್ದ ಕ್ರಿಯಾಪದ ಅದೇ: ಆಗು. ನಮ್ಮ ಹೊಳೆಗಳನ್ನೇ ನೋಡಿ. ತುಂಗೆ, ಭದ್ರೆ ಎರಡೂ ಹುಟ್ಟೋದು ಗಂಗಾಮೂಲದಲ್ಲಿ. ಆದರೆ ತುಂಗಭದ್ರೆ ಆಗೋದು ಇಲ್ಲಿ, ಶಿವಮೊಗ್ಗದ ಹತ್ತಿರ ಕೂಡ್ಲಿಯಲ್ಲಿ. ಸೂಪರ್‌ಹೀರೋ ಸಿನಿಮಾ ಹೇಳೋದು ಗಂಗಾಮೂಲದ ಕಥೆಯಲ್ಲ, ಕೂಡ್ಲಿಯ ಕಥೆ.

ಬ್ಯಾಟ್‌ಮ್ಯಾನ್ ಓದುಗರ ಮುಂದೆ ಬಂದದ್ದು 1939ರಲ್ಲಿ, ‘ಡಿಟೆಕ್ಟಿವ್ ಕಾಮಿಕ್ಸ್’ನ 27ನೇ ಸಂಚಿಕೆಯಲ್ಲಿ. ಅವನು ಹಾಗಾದದ್ದು ಹೇಗೆ ಅನ್ನೋದು 33ನೇ ಸಂಚಿಕೆಯವರೆಗೆ ಬರಲಿಲ್ಲ. ಬಂದಾಗಲೂ ಎರಡೇ ಪುಟ. ಅದರ ತಲೆಬರಹದಲ್ಲೂ ಇದ್ದದ್ದು ‘ಇವನು ಯಾರು, ಹೀಗಾದದ್ದು ಹೇಗೆ’ ಅನ್ನುವ ಅರ್ಥದ ಮಾತೇ. ನಾಯಕ ಮೊದಲು, ಆದ ಕಥೆ ಆಮೇಲೆ. ಹಾಗಾಗಿ ‘ಪೂರ್ವಕಥೆ’ಯೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಅದು ಹಿಂದೆ ನಡೆದದ್ದು ಅಂತ ಮಾತ್ರ ಹೇಳುತ್ತದೆ, ಬದಲಾದದ್ದನ್ನು ಹೇಳುವುದಿಲ್ಲ. ‘ಅವತಾರ’ ದೇವರಿಗೆ ಸರಿ. ಇವನು ಯಾವ ಶಕ್ತಿಯೂ ಇಲ್ಲದ ಮನುಷ್ಯ.

ಸಾಗರದ ಗೆಳೆಯರೊಬ್ಬರು ಯಕ್ಷಗಾನದ ‘ಒಡ್ಡೋಲಗ’ ಹೇಳಿದರು, ಅಂದರೆ ಪಾತ್ರ ಮೊದಲ ಸಲ ಗತ್ತಿನಿಂದ ರಂಗಕ್ಕೆ ಬರೋದು. ತುಂಬಾ ಇಷ್ಟವಾಯಿತು. ಆದರೆ ಒಡ್ಡೋಲಗಕ್ಕೆ ಬರುವವನು ಆಗಲೇ ಕಿರೀಟ ಕಟ್ಟಿಕೊಂಡು ಬರುತ್ತಾನೆ. ಈ ಸಿನಿಮಾ ತೋರಿಸೋದು ವೇಷ ಕಟ್ಟುವ ಜಾಗವನ್ನು, ಚೌಕಿಯನ್ನು: ಕನ್ನಡಿ ಮುಂದೆ ಕೂತು ಬಣ್ಣ ಹಚ್ಚಿಕೊಂಡು, ಗೆಜ್ಜೆ ಬಿಗಿದುಕೊಂಡು, ಮನುಷ್ಯ ವೇಷವಾಗುವ ಹೊತ್ತನ್ನು.

ಸದ್ಯಕ್ಕೆ ಹುಡುಗನ ಸಾಲು ಹೀಗಾಗಿದೆ: ‘ಬ್ರೂಸ್ ವೇನ್ ಬ್ಯಾಟ್‌ಮ್ಯಾನ್ ಆದ ಕಥೆ ಇದು. ಇದೇ ಹೆಸರಿನ ಕಾಮಿಕ್ಸ್‌ನಿಂದ ಮಾಡಿದ ಸಿನಿಮಾ.’ ಓದಲು ಸಲೀಸಾಗಿದೆ. ಆದರೆ ‘ಆದ ಕಥೆ’ ಹಿಂದೆ ಹೆಸರಿದ್ದರೆ ಮಾತ್ರ ನಿಲ್ಲುತ್ತದೆ. ‘ನನಗೆ ಒರಿಜಿನ್ ಸ್ಟೋರಿಗಳು ಜಾಸ್ತಿ ಇಷ್ಟ’ ಅನ್ನೋದಕ್ಕೆ ‘ನನಗೆ ಆದ ಕಥೆಗಳು ಇಷ್ಟ’ ಅಂದರೆ, ನನಗೇ ಏನೋ ಆಗಿದೆ ಅನ್ನುವ ಹಾಗೆ ಕೇಳುತ್ತದೆ.

ಒಂಟಿಯಾಗಿ ನಿಲ್ಲುವ ನಾಮಪದ ನಿಮ್ಮ ಹತ್ತಿರ ಇದೆಯಾ? ತೀರ್ಥಹಳ್ಳಿ, ಹೊಸನಗರ ಕಡೆಯವರು ಚೌಕಿಯ ಮಾತನ್ನು ಚೆನ್ನಾಗಿ ಬಲ್ಲಿರಿ. ವೇಷ ಕಟ್ಟಿ ಮುಗಿದು, ಮನುಷ್ಯ ಪಾತ್ರವಾಗುವ ಆ ಗಳಿಗೆಗೆ ಅಲ್ಲಿ ಏನಾದರೂ ಹೆಸರಿದ್ದರೆ ದಯವಿಟ್ಟು ತಿಳಿಸಿ.