ಕಡವೆ ಫೋಟೊಗೆ ಹೋಗುವಾಗ ಮೈವಾಸನೆ ತಡೆಯುವುದು ಹೇಗೆ?

ಬೆಟ್ಟದ ಬದಿ, ಶಿರಸಿ

ನಮ್ಮ ತೋಟದ ಮೇಲಿನ ಸೊಪ್ಪಿನಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ತರುವ ಕಾಡು) ನೆಲ್ಲಿಕಾಯಿ ಉದುರುವ ಹೊತ್ತಿಗೆ ಕಡವೆ ಬರುತ್ತವೆ. ಮೆಲುಕು ಹಾಕಿ ಉಗುಳಿದ ನೆಲ್ಲಿಬೀಜದ ಗುಪ್ಪೆ ಅಲ್ಲಲ್ಲಿ ಸಿಗುತ್ತದೆ, ಗೊರಸಿನ ಗುರುತೂ ಹಸಿಯಾಗೇ ಇರುತ್ತದೆ. ಸಂಜೆ ಕ್ಯಾಮೆರಾ ಹಿಡಿದು ಮರದ ಕೆಳಗಡೆ ಕೂತರೆ ಮೇಲಿನ ಹಳುವಿನಿಂದ (ಪೊದೆಯಿಂದ) 'ಢಾಂಕ್' ಅಂತ ಕಡವೆಯ ಎಚ್ಚರಿಕೆಯ ಕೂಗು, ಅಷ್ಟೆ. ನಾನು ಸದ್ದು ಮಾಡುವುದಿಲ್ಲ, ಬಟ್ಟೆಯೂ ಮಾಸಲು ಬಣ್ಣದ್ದು. ವಾಸನೆಯೇ ಇರಬೇಕು ಅಲ್ವಾ? ಹೊರದೇಶದ ಜಿಂಕೆ ಬೇಟೆಗಾರರು ವಾಸನೆ ಕಳೆಯುವ ಸ್ಪ್ರೇ, ಇದ್ದಿಲು ಸೇರಿಸಿದ ಬಟ್ಟೆ ಬಳಸುತ್ತಾರೆ. ತರಿಸಲಾ?

ಅಪ್ಪೆಮಿಡಿ, ಸಿದ್ದಾಪುರ

ಸುಮ್ನೆ ದುಡ್ಡು ಹಾಳು ಮಾರಾಯ್ರೆ. ಮೈವಾಸನೆ ಕಮ್ಮಿ ಮಾಡಬಹುದು, ಪೂರ್ತಿ ಕಳೆಯಲು ಆಗುವುದಿಲ್ಲ. ಅದು ಯಾವ ಕಡೆ ಹೋಗುತ್ತದೆ ಅನ್ನುವುದು ಮುಖ್ಯ.

ಬಿಸಿಲು ಇರುವಷ್ಟು ಹೊತ್ತು ಇಳಿಜಾರಿನ ಗಾಳಿ ಮೇಲಕ್ಕೆ ಏರುತ್ತದೆ. ನೀವು ಬೇಗ ಹೋಗಿ ಕೆಳಗೆ ಕೂತರೆ ವಾಸನೆ ನೇರ ಕಡವೆಯ ಮೂಗಿಗೆ. ಹೊತ್ತು ಇಳಿದು ನೆಲ ತಣ್ಣಗಾದ ಮೇಲೆ ಗಾಳಿ ಕೆಳಗೆ ಹರಿಯುತ್ತದೆ, ಆಗ ನಿಮ್ಮ ವಾಸನೆ ತೋಟಕ್ಕೆ ಹೋಗುತ್ತದೆ. ಬಚ್ಚಲ ಒಲೆಯ ಬೂದಿ ಜರಡಿ ಹಿಡಿದು ತೆಳು ಬಟ್ಟೆಯಲ್ಲಿ ಕಟ್ಟಿಕೊಳ್ಳಿ. ಬೇಲಿಯ ಹತ್ತಿರ ನಿಂತು ಒಂದು ಸಲ ಕೊಡವಿ. ಬೂದಿ ಬೆಟ್ಟದ ಕಡೆ ತೇಲಿದರೆ ಅಲ್ಲೇ ಕಾಯಿರಿ. ಕೆಳಗೆ ತಿರುಗಿದ ಮೇಲೆ ಹತ್ತಿ.

ನಿಧಾನ ನಡೆಯಿರಿ, ಬೆವರು ಬರಬಾರದು. ಒಣ ಅಂಗಿ ಚೀಲದಲ್ಲಿರಲಿ, ಅಲ್ಲಿ ಹೋಗಿ ಹಾಕಿಕೊಳ್ಳಿ. ರಬ್ಬರ್ ಬೂಟು ಒಳ್ಳೆಯದು, ಆದರೆ ಬೈಕಿನ ಪಕ್ಕ ಇಟ್ಟು ಪೆಟ್ರೋಲ್ ವಾಸನೆ ಹಿಡಿಸಬೇಡಿ. ಕಡವೆ ಓಡಾಡುವ ದಾರಿ ತುಳಿಯಬೇಡಿ, ಹಳು ಸವರಿಕೊಂಡು ಹೋಗಬೇಡಿ. ತಾಗಿದಲ್ಲೆಲ್ಲ ವಾಸನೆ ಉಳಿಯುತ್ತದೆ. ಅಂದಹಾಗೆ, ಕವಳ (ಎಲೆಅಡಿಕೆ) ಹಾಕುತ್ತೀರಾ?

ಕಾಳಿ ದಂಡೆ, ಕಾರವಾರ

ಬಟ್ಟೆಯನ್ನು ಘಮಘಮ ಪೌಡರಿನಲ್ಲಿ ತೊಳೆಯಬೇಡಿ, ಅಡಿಗೆ ಸೋಡಾ ಸಾಕು. ಪೌಡರಿನಲ್ಲಿ ಬಟ್ಟೆಗೆ ಹೊಳಪು ಕೊಡುವ ನೀಲಿ ಅಂಶವೂ ಇರುತ್ತದೆ. ಜಿಂಕೆ ಜಾತಿಗೆ ಕೆಂಪು ಸರಿಯಾಗಿ ಕಾಣದು, ನೀಲಿ ಚೆನ್ನಾಗಿ ಕಾಣುತ್ತದೆ.

ಇನ್ನೊಂದು. ಹಂದಿ ಬಂದೀತು ಅಂತ ತೋಟದ ಕೋವಿ ಜೊತೆಗೆ ಒಯ್ಯಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕಡವೆ ಬೇಟೆ ಅಪರಾಧ. ಕೋವಿ ಹಿಡಿದವ ಫೋಟೊಗೆ ಬಂದೆ ಅಂದರೆ ಯಾವ ಗಾರ್ಡ್ ನಂಬುತ್ತಾನೆ?

ಬೆಟ್ಟದ ಬದಿ, ಶಿರಸಿ

ಕೋವಿ ಮನೆಯಲ್ಲೇ ಇಲ್ಲ. ಬೂದಿ ಕಟ್ಟಿಕೊಳ್ಳುತ್ತೇನೆ. ಮೈಗೆ ಸಗಣಿ ಬಳಿದುಕೊಂಡರೆ ಹೇಗೆ? ಮತ್ತೆ ಕವಳ ಹಾಕುತ್ತೇನೆ, ಅದನ್ನು ಬಿಟ್ಟು ಎರಡು ತಾಸು ಕೂರುವುದು ಕಷ್ಟ.

ಅಪ್ಪೆಮಿಡಿ, ಸಿದ್ದಾಪುರ

ಸಗಣಿ ಬಳಿದರೆ ಸಗಣಿ ವಾಸನೆಯ ಮನುಷ್ಯ ಆಗುತ್ತೀರಿ, ಅಷ್ಟೆ. ಮನೆಯವರು ಒಳಗೆ ಸೇರಿಸುವುದಿಲ್ಲ. ಕವಳ ಹಾಕಿ, ಹೊಗೆಸೊಪ್ಪು ಬಿಡಿ. ಮಳೆಗಾಲದಲ್ಲಿ ಉಂಬಳಕ್ಕೆ (ಜಿಗಣೆಗೆ) ಅಂತ ಕಾಲಿಗೆ ಹೊಗೆಸೊಪ್ಪು-ಸುಣ್ಣ ತಿಕ್ಕಿಕೊಳ್ಳುವುದೂ ಬೇಡ, ಉದ್ದ ಕಾಲುಚೀಲ ಹಾಕಿ. ಆಮೇಲೆ, ನೆಲ್ಲಿಮರದ ಬುಡದಲ್ಲಿ ಉಗುಳಬೇಡಿ.